ಆಕ್ಟೋಪಾತ್ ಟ್ರಾವೆಲರ್ 2 ಆಡಿದವರು ಬನ್ನಿ: ಎಂಟು ಜನ ಸರಿ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತದಾ?

ಕುಂಬಳೆ ಪ್ಯಾಸೆಂಜರ್

ಅಂತೂ ಕೊನೆಯ ಅಧ್ಯಾಯ ಮುಗಿಯಿತು. ನಮ್ಮ ಗಡಿನಾಡಿನಲ್ಲಿ ಈ ವಿಡಿಯೊ ಗೇಮ್ ಆಡಿದವರು ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ಇದ್ದವರು ಬನ್ನಿ, ಸ್ವಲ್ಪ ಜಗಳ ಮಾಡೋಣ.

2018ರಲ್ಲಿ ಬಂದ ಮೊದಲನೆಯದು ನನಗೆ ಅರ್ಧದಲ್ಲೇ ಬೇಜಾರು ತಂದಿತ್ತು. ಎಂಟು ನಾಯಕರು, ಎಂಟು ಕಥೆ. ಒಬ್ಬನ ಕಥೆ ನಡೆಯುವಾಗ ಉಳಿದ ಏಳು ಜನ ಮಾಯ, ಯುದ್ಧ ಶುರುವಾದಾಗ ಮಾತ್ರ ಪ್ರತ್ಯಕ್ಷ. 2023ರ ಫೆಬ್ರವರಿಯಲ್ಲಿ ಬಂದ ಎರಡನೆಯದರಲ್ಲಿ ಅದನ್ನು ಸರಿ ಮಾಡಿದ್ದಾರೆ ಎಂದು ಎಲ್ಲರೂ ಹೇಳಿದರು. ಹಾಗಾಗಿ ತೆಗೆದುಕೊಂಡೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಸೊಲಿಸ್ಟಿಯಾ ಎಂಬ ಈ ಲೋಕ ಮೊದಲ ಆಟದ ಲೋಕವಾದ ಒರ್ಸ್ಟೆರಾಕ್ಕಿಂತ ಬಹಳ ಜೀವಂತವಾಗಿದೆ. ನಡುವೆ ಸಮುದ್ರ, ಎರಡು ಬದಿ ಎರಡು ಖಂಡ, ಓಡಾಡಲು ಹಡಗು. ಒಂದು ಬಟನ್ ಒತ್ತಿದರೆ ಹಗಲು ಹೋಗಿ ರಾತ್ರಿ. ಆಗ ಬೀದಿಯಲ್ಲಿ ನಿಂತವರೂ ಬೇರೆ, ನಾವು ಅವರ ಹತ್ತಿರ ಮಾಡಬಹುದಾದ ಕೆಲಸವೂ ಬೇರೆ. ವ್ಯಾಪಾರಿ ಪಾರ್ಟಿಟಿಯೊ ಹಗಲು ಜನರಿಂದ ಸಾಮಾನು ಕೊಳ್ಳುತ್ತಾನೆ, ರಾತ್ರಿ ಅವರನ್ನೇ ಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ. ಟೆಮೆನೋಸ್ ಪಾದ್ರಿ ಹಗಲು ದಾರಿ ತೋರಿಸುತ್ತಾನೆ, ರಾತ್ರಿ ಹೆದರಿಸಿ ಬಾಯಿ ಬಿಡಿಸುತ್ತಾನೆ. ಇದು ನನಗೆ ತುಂಬಾ ಹಿಡಿಸಿತು. ಹಳೆಯ ಚುಕ್ಕಿ ಚಿತ್ರದ ಗೊಂಬೆಗಳ ಮೇಲೆ ನಿಜವಾದ ಬೆಳಕು, ನೆರಳು, ನೀರಿನ ಹೊಳಪು ಹಾಕುವ ಆ ಎಚ್‌ಡಿ-2ಡಿ ಚಂದವೂ ಇಲ್ಲಿ ಇನ್ನೂ ಹದಕ್ಕೆ ಬಂದಿದೆ.

ಈಗ ತಕರಾರು. ಕಾಸ್ಟಿ ಔಷಧಿ ಕೊಡುವವಳು. ನನ್ನ ಗುಂಪಿನಲ್ಲೇ ಇದ್ದಾಳೆ, ಚೀಲ ಹೆಗಲಲ್ಲೇ ಇದೆ. ಇನ್ನೊಬ್ಬರ ಕಥೆಯಲ್ಲಿ ಒಬ್ಬ ಗಾಯಗೊಂಡು ನೆಲಕ್ಕೆ ಬಿದ್ದರೆ ಅವಳು ಎಲ್ಲಿ? ಟೆಮೆನೋಸ್ ಕೊಲೆಯ ತನಿಖೆ ಮಾಡುತ್ತಾನೆ. ಜನರನ್ನು ನೋಡಿಯೇ ಅವರ ಗುಟ್ಟು ಓದಿಬಿಡುವ ಪಂಡಿತ ಓಸ್ವಾಲ್ಡ್ ಪಕ್ಕದಲ್ಲಿದ್ದಾನೆ. ಒಂದು ಮಾತು ಕೇಳಬಾರದಾ? ಹೌದು, ನಡುವೆ ಬಟನ್ ಒತ್ತಿದರೆ ಇಬ್ಬರು ಸಣ್ಣ ಹರಟೆ ಹೊಡೆಯುತ್ತಾರೆ. ಆದರೆ ಅದನ್ನು ನೋಡದೆ ಮುಂದೆ ಹೋದರೂ ಕಥೆಗೆ ಏನೂ ಆಗುವುದಿಲ್ಲ. ಅಂದರೆ ಅದು ಕಥೆಯ ಒಳಗೆ ಇಲ್ಲ, ಹೊರಗೆ ಜಗಲಿಯಲ್ಲಿ ಕೂತಿದೆ.

ಇಷ್ಟು ಉದ್ದದ ಆಟದಲ್ಲಿ ಇದು ನನಗೆ ಸಣ್ಣ ವಿಷಯ ಅನ್ನಿಸಲಿಲ್ಲ. ನಿಮಗೆ?

ಬದಿಯಡ್ಕದ ಭಾಗವತ

ಮಾರಾಯ್ರೆ, ನೀವು ತಾಳಮದ್ದಳೆಗೆ ಹೋಗುವುದಿಲ್ಲವಾ?

ಮಳೆಗಾಲದಲ್ಲಿ ನಮ್ಮಲ್ಲಿ ನಡೆಯುತ್ತದಲ್ಲ, ವೇಷ ಇಲ್ಲ, ಕುಣಿತ ಇಲ್ಲ, ಸಾಲಾಗಿ ಕೂತು ಮಾತು. ಭಾಗವತರು ಪದ್ಯ ಹೇಳಿದ ಮೇಲೆ ಕರ್ಣನ ಅರ್ಥ ಹೇಳುವವರು ಶುರು ಮಾಡಿದರೆ ಅರ್ಧ ಗಂಟೆ. ಅಷ್ಟೂ ಹೊತ್ತು ಉಳಿದ ಅರ್ಥಧಾರಿಗಳು ಸುಮ್ಮನೆ ಕೂತಿರುತ್ತಾರೆ. ಅವರು ಮಾಯ ಆದರು ಎಂದು ಯಾರಾದರೂ ದೂರುತ್ತಾರಾ? ಸರದಿ ಬಂದಾಗ ಅವರೂ ಮಾತಾಡುತ್ತಾರೆ.

ಈ ಆಟವೂ ಹಾಗೆಯೇ ಕಟ್ಟಿದ್ದು. ಯಾರಿಂದ ಬೇಕಾದರೂ ಶುರು ಮಾಡಬಹುದು, ಯಾರನ್ನು ಯಾವಾಗ ಬೇಕಾದರೂ ಸೇರಿಸಿಕೊಳ್ಳಬಹುದು. ಎಂಟು ಜನರ ಅಧ್ಯಾಯಗಳನ್ನು ನಮಗೆ ತೋಚಿದ ಕ್ರಮದಲ್ಲಿ ಆಡಬಹುದು. ಹೀಗಿರುವಾಗ ಟೆಮೆನೋಸ್ ಕಥೆಯೊಳಗೆ ಕಾಸ್ಟಿ ಇದ್ದಾಳೋ ಇಲ್ಲವೋ ಬರೆಯುವವನಿಗೆ ಹೇಗೆ ಗೊತ್ತಾಗಬೇಕು? ನೀವು ಅವಳನ್ನು ಇನ್ನೂ ಭೇಟಿಯೇ ಆಗಿಲ್ಲದೆ ಇರಬಹುದು. ಎಲ್ಲ ಜೋಡಣೆಗೂ ಬೇರೆ ಬೇರೆ ದೃಶ್ಯ ಬರೆಯಲು ಹೊರಟರೆ ಆಟ ಇನ್ನೂ ಹತ್ತು ವರ್ಷಕ್ಕೂ ಹೊರಗೆ ಬರುತ್ತಿರಲಿಲ್ಲ. ಆ ಸ್ವಾತಂತ್ರ್ಯ ಬೇಕು ಎಂದಾದರೆ ಈ ಮೌನವನ್ನೂ ಒಪ್ಪಬೇಕು.

ಮತ್ತೆ, ಇಬ್ಬಿಬ್ಬರು ಒಟ್ಟಿಗೆ ಬರುವ ಜೋಡಿ ಕಥೆಗಳ ಹೆಸರನ್ನೇ ನೀವು ಎತ್ತಲಿಲ್ಲ. ಕತ್ತಿ ಹಿಡಿದ ರಾಜಕುಮಾರ ಹಿಕಾರಿ–ಕುಣಿಯುವ ಆಗ್ನಿಯಾ, ಬೇಟೆಗಾರ್ತಿ ಒಶೆಟ್–ಕಾಸ್ಟಿ, ಪಾರ್ಟಿಟಿಯೊ–ಓಸ್ವಾಲ್ಡ್, ಥ್ರೋನೆ–ಟೆಮೆನೋಸ್. ಮೊದಲನೆಯದರಲ್ಲಿ ಇದು ಇರಲೇ ಇಲ್ಲ. ಕಳ್ಳತನ ಮಾಡುವ ಥ್ರೋನೆಯನ್ನೂ ಪಾದ್ರಿಯನ್ನೂ ಒಟ್ಟಿಗೆ ಬಿಟ್ಟದ್ದು ನನಗಂತೂ ಸಿಕ್ಕಾಪಟ್ಟೆ ಖುಷಿ ಕೊಟ್ಟಿತು.

ಕುಂಬಳೆ ಪ್ಯಾಸೆಂಜರ್

ತಾಳಮದ್ದಳೆಯ ಮಾತು ನೀವೇ ತೆಗೆದಿರಿ, ಅದರಲ್ಲೇ ಹಿಡಿಯುತ್ತೇನೆ. ಅಲ್ಲಿ ಕರ್ಣ ಹೇಳಿದ ಮಾತಿಗೆ ಕೃಷ್ಣ ಉತ್ತರ ಕೊಡಲೇಬೇಕು. ಕೊಡದೆ ತಯಾರಿ ಮಾಡಿಕೊಂಡು ಬಂದದ್ದನ್ನೇ ಒಪ್ಪಿಸಿದರೆ ಸಭೆ ಎದ್ದು ಹೋಗುತ್ತದೆ. ಸರದಿ ಇರುವುದೇ ಎದುರಿನವನ ಮಾತು ಕೇಳಲಿಕ್ಕೆ. ಇಲ್ಲಿ ಎಂಟು ಜನ ಎಂಟು ಪ್ರಸಂಗ ಒಪ್ಪಿಸಿ ಹೋಗುತ್ತಾರೆ. ಜೋಡಿ ಕಥೆ ಚೆನ್ನಾಗಿದೆ, ಒಪ್ಪಿದೆ. ಆದರೆ ತಲಾ ಎರಡು ಸಣ್ಣ ಭಾಗ. ಬಾಯಿಗೆ ರುಚಿ ಹತ್ತುವಷ್ಟರಲ್ಲಿ ಎಲೆ ಎತ್ತುತ್ತಾರೆ.

ಅಕ್ಕಲಕೋಟೆ ಮಾಮಾ

ಕಥೆಯ ಜಗಳ ನೀವಿಬ್ಬರೂ ಮಾಡ್ರಿ. ನನ್ನ ತಕರಾರು ಬೇರೆ ಅದ. ಆಟ ಅರ್ಧ ದಾಟಿದ ಮ್ಯಾಲೆ ಬಹಳ ಸಸಾರ ಆಗಿಬಿಡುತ್ತದ.

ಗೊತ್ತಿಲ್ಲದವರಿಗೆ ಹೇಳಬೇಕಂದ್ರ, ಇಲ್ಲಿ ಪ್ರತಿ ವೈರಿಯ ಕೆಳಗೆ ಒಂದು ಗುರಾಣಿ, ಅದರೊಳಗ ಒಂದು ಅಂಕಿ ಇರುತ್ತದ. ಅವನಿಗೆ ಯಾವ ಆಯುಧ, ಯಾವ ಮಂತ್ರ ನಾಟುತ್ತದ ಅಂತ ಹುಡುಕಿ ಅದರಿಂದ ಹೊಡೆದರ ಅಂಕಿ ಒಂದೊಂದೇ ಇಳಿಯುತ್ತದ. ಸೊನ್ನೆಗೆ ಬಂದರ ವೈರಿ ‘ಬ್ರೇಕ್’. ಅವನ ಸರದಿ ಹೋಯಿತು, ಪೆಟ್ಟೂ ಜಾಸ್ತಿ ತಿನ್ನುತ್ತಾನ. ಈ ಕಡೆ ನಮಗ ಸರದಿಗೊಂದು ‘ಬೂಸ್ಟ್’ ಚುಕ್ಕಿ ಸಿಗುತ್ತದ. ಐದರ ತನಕ ಕೂಡಿಸಬಹುದು, ಒಂದು ಸಲಕ್ಕ ಮೂರು ಖರ್ಚು ಮಾಡಬಹುದು. ಯಾವಾಗ ಕೂಡಿಸಬೇಕು, ಯಾವಾಗ ಸುರಿಯಬೇಕು, ಇಷ್ಟೇ ಆಟ. ಖರೆ ಹೇಳುತ್ತೀನಿ, ಇದಕ್ಕಿಂತ ಚಂದ ಸರದಿ ಯುದ್ಧ ನಾ ನೋಡಿಲ್ಲ.

ಎರಡನೇದರಾಗ ಇದರ ಮ್ಯಾಲೆ ಪ್ರತಿಯೊಬ್ಬರಿಗೂ ಒಂದು ಗುಪ್ತ ಶಕ್ತಿ ಕೊಟ್ಟಾರ. ಪೆಟ್ಟು ತಿಂದರ, ಬ್ರೇಕ್ ಮಾಡಿದರ ಅದು ತುಂಬುತ್ತದ. ಟೆಮೆನೋಸ್ ಅದನ್ನ ಬಿಟ್ಟರ ವೈರಿಗೆ ಏನು ನಾಟುತ್ತದ ಅಂತ ಹುಡುಕೋದೇ ಬೇಡ, ಯಾವುದರಿಂದ ಹೊಡೆದರೂ ಗುರಾಣಿ ಇಳಿಯುತ್ತದ. ಥ್ರೋನೆ ಒಂದೇ ಸರದಿಯಾಗ ಎರಡು ಕೆಲಸ ಮಾಡುತ್ತಾಳ. ಪಾರ್ಟಿಟಿಯೊ ಒಮ್ಮೆ ಕೂಗಿದರ ಬೂಸ್ಟ್ ಚುಕ್ಕಿ ಪೂರ್ತಿ ಭರ್ತಿ. ಇದರ ಜೋಡಿ ಒಬ್ಬರಿಗೆ ಇನ್ನೊಬ್ಬರ ಕಸುಬೂ ಕೊಡೋ ‘ಎರಡನೇ ಕಸುಬು’ ಬೇರೆ. ಎಲ್ಲ ಸೇರಿಸಿದರ ಬಾಸ್ ಅನ್ನೋ ದೊಡ್ಡ ದೊಡ್ಡ ವೈರಿಗಳಿಗೆ ತಮ್ಮ ಸರದಿ ಅನ್ನೋದೇ ಬರಂಗಿಲ್ಲ. ಮೊದಲನೇ ಆಟದಾಗ ನಾ ಬೆವರು ಸುರಿಸಿದ್ದೆ. ಇಲ್ಲಿ ಚಹಾ ಕುಡಕೋತ ಗೆದ್ದೆ.

ತಾಳವಾಡಿಯವ

ಮಾಮ, ಕಸುಬಿನ ಜೋಡಣೆ ಬಳಸದೆ ಆಡಿ ನೋಡಿ. ಬೆವರು ತಾನಾಗೇ ಬರುತ್ತೆ. 🙂

ಅಕ್ಕಲಕೋಟೆ ಮಾಮಾ

ಯಾಕಪ್ಪಾ? ರೊಕ್ಕ ಕೊಟ್ಟು ತಗೊಂಡ ಆಟ. ಅವರು ಕೊಟ್ಟದ್ದು ಬಳಸಬಾರದಾ? ಕಷ್ಟ ಎಷ್ಟಿರಬೇಕು ಅಂತ ನೋಡೋದು ಅವರ ಕೆಲಸ, ನನ್ನದಲ್ಲ.

ತಾಳವಾಡಿಯವ

ಅದೂ ಸರಿ. ಆದರೆ ಒಂದು ಹೇಳ್ತೀನಿ. ಮೊದಲನೆಯ ಆಟದಲ್ಲಿ ಕಷ್ಟ ಅನ್ನಿಸಿದ್ದರಲ್ಲಿ ಅರ್ಧ ಸುಮ್ನೆ ಹಿಂಸೆ. ಎಲ್ಲ ಕಥೆಯನ್ನೂ ಕಟ್ಟಿಹಾಕುವ ನಿಜವಾದ ಕೊನೆಯನ್ನು ಒಂದು ಬಾಗಿಲ ಹಿಂದೆ ಬಚ್ಚಿಟ್ಟಿದ್ದರು. ಆ ಬಾಗಿಲು ತೆರೆಯುವ ದಾರಿ ತಾನಾಗಿ ಯಾರಿಗೂ ಹೊಳೆಯುವ ಹಾಗಿರಲಿಲ್ಲ. ಒಳಗೆ ಹೋದರೆ ಎಂಟು ಬಾಸ್‌ಗಳು ಒಬ್ಬರ ಹಿಂದೆ ಒಬ್ಬರು, ಆಮೇಲೆ ಕೊನೆಯ ವೈರಿ ಗಾಲ್ಡೆರಾ. ನಡುವೆ ಸೇವ್ ಮಾಡೋಕೆ ಜಾಗವೇ ಇಲ್ಲ! ಗಾಲ್ಡೆರಾ ಹತ್ತಿರ ಸೋತರೆ ಮತ್ತೆ ಮೊದಲಿಂದ. ನಮ್ಮ ಕಾಡಂಚಿನ ಊರಿನ ಕರೆಂಟ್ ನಂಬಿಕೊಂಡು ಅದನ್ನು ಆಡೋಕೆ ಹೋದವನ ಕಥೆ ಕೇಳಬೇಡಿ. ಎರಡನೆಯದರಲ್ಲಿ ಎಂಟು ಕಥೆ, ಜೋಡಿ ಕಥೆಗಳು ಮುಗಿದ ಮೇಲೆ ಆಟವೇ ನಿಮ್ಮನ್ನು ಕೊನೆಯ ಕಥೆಗೆ ಕರೆದುಕೊಂಡು ಹೋಗುತ್ತೆ. ಇದೊಂದಕ್ಕೇ ನಾನು ಎರಡನೆಯದನ್ನು ಮೇಲೆ ಇಡುತ್ತೇನೆ. ಕಷ್ಟ ಬೇಕಾದವರಿಗೆ ಗಾಲ್ಡೆರಾ ಇಲ್ಲೂ ಇದ್ದಾನೆ, ಬದಿಯ ಕಥೆಯಾಗಿ. ಮಾಮ, ಅವನನ್ನು ಚಹಾ ಕುಡಿಯುತ್ತಾ ಗೆದ್ದರಾ?

ಅಕ್ಕಲಕೋಟೆ ಮಾಮಾ

ಅವನ ಮಾತು ಬೇರೆ. ಚಹಾ ಆರಿಹೋಗಿತ್ತು.

ಪೆರ್ಲದ ಅಕ್ಕ

ನಾನು ಇಲ್ಲಿ ಓದುವುದು ಮಾತ್ರ, ಬರೆಯುವುದು ಕಡಿಮೆ. ಈ ಆಟ ಅಂದ ಮೇಲೆ ಸುಮ್ಮನಿರಲು ಆಗಲಿಲ್ಲ.

ಮನೆ ಕೆಲಸ ಮುಗಿದು, ಎಲ್ಲರ ಊಟ ಆಗಿ, ಮಗಳ ಜೊತೆ ಕೂತು ಆಡುತ್ತೇನೆ. ಒಂದು ಅಧ್ಯಾಯ ಅಂದರೆ ಒಂದು ಊರು, ಸ್ವಲ್ಪ ಮಾತು, ಒಂದು ಗುಹೆಯೋ ಬಂಗಲೆಯೋ, ಕೊನೆಗೆ ಒಂದು ಬಾಸ್. ಒಂದು ಕೂರಿಕೆಯಲ್ಲಿ ಮುಗಿಯುತ್ತದೆ. ಪ್ಯಾಸೆಂಜರ್ ಅವರೇ, ನೀವು ದೋಷ ಅನ್ನುವುದು ನಮ್ಮಂಥವರಿಗೆ ಅನುಕೂಲ. ಎಂಟೂ ಕಥೆ ಒಂದಕ್ಕೊಂದು ಹೆಣೆದುಕೊಂಡಿದ್ದರೆ, ನಡುವೆ ಮದುವೆ ಉಪನಯನ ಅಂತ ವಾರಗಟ್ಟಲೆ ಬಿಟ್ಟು ಬಂದಾಗ ತಲೆಬುಡ ತಿಳಿಯುತ್ತಿರಲಿಲ್ಲ. ಈಗ ಹಾಗಿಲ್ಲ. ಇವತ್ತು ಕಾಸ್ಟಿ, ಮುಂದಿನ ವಾರ ಹಿಕಾರಿ. ಮುಗಿಯಿತು.

ಕಾಸ್ಟಿಯ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಹೆಸರು ಬಿಟ್ಟು ಏನೂ ನೆನಪಿಲ್ಲದೆ ದೋಣಿಯಲ್ಲಿ ಸಿಗುವ ಹೆಂಗಸು. ತಾನು ಯಾರು ಎಂದು ಮರೆತರೂ ರೋಗಿ ಕಂಡರೆ ಕೈ ತಾನಾಗಿ ಕೆಲಸಕ್ಕೆ ಇಳಿಯುತ್ತದೆ. ಮುಂದೆ ಏನಾಗುತ್ತದೆ ಎಂದು ಹೇಳುವುದಿಲ್ಲ, ಆಡದವರು ಇದ್ದಾರೆ. ಕೊನೆಯ ಭಾಗದಲ್ಲಿ ನಾವಿಬ್ಬರೂ ಕಣ್ಣು ಒರೆಸಿಕೊಂಡೆವು.

ಮಕ್ಕಳ ಜೊತೆ ಆಡುವವರು ಒಂದು ವಿಷಯ ಗಮನಿಸಿ. ಹೊರಗಿಂದ ನೋಡಿದರೆ ಗೊಂಬೆಯಾಟದ ಹಾಗೆ ಕಾಣುತ್ತದೆ, ಒಳಗೆ ಹಾಗಿಲ್ಲ. ಥ್ರೋನೆಯ ಕಥೆ ಚಿಕ್ಕವರಿಗೆ ಖಂಡಿತ ಅಲ್ಲ. ಕುತ್ತಿಗೆಗೆ ವಿಷದ ಪಟ್ಟಿ ಕಟ್ಟಿ ಸಾಕಿದ ಕಳ್ಳರ ಕೂಟ, ಅದರಿಂದ ಬಿಡಿಸಿಕೊಳ್ಳಲು ಅವಳು ಮಾಡಬೇಕಾದ ಕೊಲೆಗಳು. ಅದನ್ನು ಮಗಳು ಮಲಗಿದ ಮೇಲೆ ನಾನೊಬ್ಬಳೇ ಆಡಿದೆ. ಓಸ್ವಾಲ್ಡ್ ರಾತ್ರಿ ಹೊತ್ತು ದಾರಿಹೋಕರಿಗೆ ಹೊಡೆದು ಸಾಮಾನು ಕಿತ್ತುಕೊಳ್ಳುವುದನ್ನು ನೋಡಿ ಮಗಳು, ‘ಅಮ್ಮಾ, ಇವ ಮೇಷ್ಟ್ರಲ್ವಾ?’ ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬದಿಯಡ್ಕದ ಭಾಗವತ

ಅಕ್ಕ, ಮೇಷ್ಟ್ರು ಹೌದು, ಆದರೆ ಜೈಲಿನಿಂದ ಬಂದ ಮೇಷ್ಟ್ರು. 😄

ಮಡಕಶಿರಾ ಮಂಜು

ಪಾರ್ಟಿಟಿಯೊ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ? ನನಗೆ ಅವನೇ ಹೀರೊ. ಕತ್ತಿ ಹಿಡಿದು ರಾಜ್ಯ ಗೆಲ್ಲುವವರು ಎಲ್ಲ ಆಟದಲ್ಲೂ ಇದ್ದಾರೆ. ಬಡತನ ಅನ್ನೋದನ್ನೇ ಇಲ್ಲವಾಗಿಸುತ್ತೇನೆ ಅಂತ ವ್ಯಾಪಾರಕ್ಕೆ ಹೊರಟವನು ಇವನೊಬ್ಬನೇ.

ಪೆರ್ಲದ ಅಕ್ಕ

ಅವನು ಒಳ್ಳೆಯ ಹುಡುಗನೇ. ಆದರೆ ಅವನ ಕಥೆಯಲ್ಲಿ ದುಡ್ಡು ಬಹಳ ಬೇಗ ಸಾಧು ಆಗಿಬಿಡುತ್ತದೆ ಅಲ್ವಾ? ಶುರು ಚೆನ್ನಾಗಿತ್ತು. ಓರ್ಸ್‌ರಶ್ ಬೆಳ್ಳಿ ಗಣಿಯ ಊರು. ಬೆಳ್ಳಿ ಸಿಕ್ಕಿ ಊರು ಏಳುತ್ತದೆ. ಆಮೇಲೆ ಜಾಗದ ಒಡೆಯ ಬಾಡಿಗೆ ಏರಿಸುತ್ತಾ ಹೋಗುತ್ತಾನೆ, ಅದೇ ಊರು ಒಣಗುತ್ತದೆ. ಗೇಣಿ ಕಾಲದ ಮಾತನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದವಳು ನಾನು. ಆ ಭಾಗ ನೇರ ಎದೆಗೆ ತಾಗಿತು. ಮುಂದೆ ಮಾತ್ರ ಎಲ್ಲ ಸಮಸ್ಯೆಗೂ ಇವನು ಹೋಗಿ ನಗುನಗುತ್ತಾ ಒಂದು ವ್ಯವಹಾರ ಕುದುರಿಸುತ್ತಾನೆ, ಊರು ಉದ್ಧಾರ. ಅಷ್ಟು ಸುಲಭವಾ?

ಮಡಕಶಿರಾ ಮಂಜು

ಸುಲಭ ಅಲ್ಲ ಅಕ್ಕ. ಆದರೆ ಅವನ ಎದುರಾಳಿ ಯಾರು ನೋಡಿ. ರೋಕ್. ಹಬೆಯ ಯಂತ್ರ ಕೈಯಲ್ಲಿ ಇಟ್ಟುಕೊಂಡು ಎಲ್ಲವೂ ತನಗೇ ಸೇರಬೇಕು ಅನ್ನುವವನು. ಯಂತ್ರ ಕೆಟ್ಟದ್ದು ಅಂತ ಕಥೆ ಎಲ್ಲೂ ಹೇಳುವುದಿಲ್ಲ. ಅದು ಯಾರ ಕೈಯಲ್ಲಿರಬೇಕು ಅಂತ ಕೇಳುತ್ತೆ. ಕ್ಲಾಕ್‌ಬ್ಯಾಂಕ್ ಊರಲ್ಲಿ ಕಾರ್ಖಾನೆ ಹೊಗೆಯ ಮಧ್ಯೆ ಬಡವರ ಬೀದಿ ತೋರಿಸಿದ್ದಾರಲ್ಲ, ರಾಜ ಮಂತ್ರಿ ಡ್ರ್ಯಾಗನ್‌ಗಳ ಆಟದಲ್ಲಿ ಇಷ್ಟು ಬಂದದ್ದೇ ದೊಡ್ಡದು. ನಮ್ಮ ಕಡೆ ಶೇಂಗಾ ಬೆಳೆದವನಿಗೆ ಬೆಲೆ ಯಾರು ಹೇಳ್ತಾರೆ ಅಂತ ಗೊತ್ತಿರುವ ನನಗೆ ಈ ಪ್ರಶ್ನೆ ಸಾಕು, ಉತ್ತರ ಸ್ವಲ್ಪ ಬೆಲ್ಲ ಹಾಕಿ ಕೊಟ್ಟರೂ ಪರವಾಗಿಲ್ಲ.

ಅವನ ಸ್ಯಾಕ್ಸೋಫೋನ್ ರಾಗ ಬಂದ ಕೂಡಲೇ ನಾನಂತೂ ಫ್ಲ್ಯಾಟ್.

ತಾಳವಾಡಿಯವ

ಸಂಗೀತದ ವಿಷಯ ಬಂತು, ಇದನ್ನು ಹೇಳದೆ ಹೋಗಲಾರೆ. ಯಾಸುನೋರಿ ನಿಶಿಕಿ ಅವರದ್ದು, ಎರಡೂ ಆಟಕ್ಕೆ. ಪ್ರತಿಯೊಬ್ಬರಿಗೂ ಅವರದ್ದೇ ರಾಗ ಇದೆ. ಬಾಸ್ ಎದುರು ಮಾತು ಬಿಸಿಯಾಗುವಾಗ ಆ ರಾಗ ಮೆಲ್ಲಗೆ ಶುರುವಾಗಿ, ಹಾಗೇ ಒಂದು ಕಡೆಯೂ ತುಂಡಾಗದೆ ಯುದ್ಧದ ರಾಗಕ್ಕೆ ಹಾರುತ್ತೆ. ಎಷ್ಟು ಸಲ ಕೇಳಿದರೂ ಮೈ ಜುಂ ಅನ್ನುತ್ತೆ. ಊರಿನ ಸಂಗೀತ ಹಗಲಿಗೊಂದು, ರಾತ್ರಿಗೊಂದು. ಬಟನ್ ಒತ್ತಿದಾಗ ವಾದ್ಯಗಳು ಬದಲಾಗುವುದನ್ನು ಕೇಳೋಕೆಂದೇ ನಾನು ಸುಮ್ನೆ ಬೀದಿಯಲ್ಲಿ ನಿಂತು ಒತ್ತುತ್ತಾ ಇರುತ್ತೇನೆ. ಹೆಡ್‌ಫೋನ್ ಹಾಕಿಕೊಂಡು ಆಡಿ. ಬಸ್ಸಿನಲ್ಲಿ ಬೇಡ.

ಚಂದ್ರಗಿರಿ ತೀರ

ಮೇಲಿಂದ ಪೂರ್ತಿ ಓದಿದೆ. ಪ್ಯಾಸೆಂಜರ್ ಕೇಳಿದ ಪ್ರಶ್ನೆಗೆ ನನ್ನದೊಂದು ಉತ್ತರ ಉಂಟು. ಈ ಎಂಟು ಜನ ಒಬ್ಬರಿಗೊಬ್ಬರು ಉತ್ತರ ಕೊಡುತ್ತಾರೆ. ನೀವು ಹುಡುಕುವ ಜಾಗದಲ್ಲಿ ಅಲ್ಲ, ಯುದ್ಧದಲ್ಲಿ.

ಒಂದು ಕಷ್ಟದ ಬಾಸ್ ಯುದ್ಧ ನೆನಪು ಮಾಡಿಕೊಳ್ಳಿ. ಪಾರ್ಟಿಟಿಯೊ ತನ್ನ ಬೂಸ್ಟ್ ಚುಕ್ಕಿಗಳನ್ನು ಓಸ್ವಾಲ್ಡ್‌ಗೆ ದಾನ ಮಾಡುತ್ತಾನೆ. ಆಗ್ನಿಯಾ ಕುಣಿದರೆ ಇನ್ನೊಬ್ಬರ ಕೈಗೆ ಬಲ ಬರುತ್ತದೆ. ಅವಳ ಗುಪ್ತ ಶಕ್ತಿಯೇ ಒಬ್ಬರಿಗೆ ಕೊಡುವುದನ್ನು ಎಲ್ಲರಿಗೂ ಹಂಚುವುದು. ಕಾಸ್ಟಿ ಔಷಧಿ ಅರೆದು ಬಿದ್ದವನನ್ನು ಎಬ್ಬಿಸುತ್ತಾಳೆ. ಟೆಮೆನೋಸ್ ಗುರಾಣಿ ಒಡೆಯುತ್ತಾನೆ, ಒಡೆದ ಆ ಒಂದು ಸರದಿಗಾಗಿ ಕಾದು ಕೂತ ಓಸ್ವಾಲ್ಡ್ ಎಲ್ಲರ ಮೇಲೆ ಹಂಚಿಹೋಗುವ ಮಂತ್ರವನ್ನು ಒಬ್ಬನ ಮೇಲೇ ಸುರಿಯುತ್ತಾನೆ. ಇನ್ನೊಬ್ಬರು ತಮ್ಮ ಪಾಲಿನದ್ದು ಮಾಡದಿದ್ದರೆ ಇವರಲ್ಲಿ ಒಬ್ಬರು ಮಾಡಿದ್ದು ದಂಡ.

ಹೆಂಡತಿ ಮಗಳನ್ನು ಕೊಂದ ಆರೋಪ ಹೊತ್ತು, ಯಾರನ್ನೂ ನಂಬದೆ, ಸೇಡು ಒಂದನ್ನೇ ನೆನೆದು ಹೊರಟ ಓಸ್ವಾಲ್ಡ್‌ನ ಅತಿ ದೊಡ್ಡ ಪೆಟ್ಟು ಬರುವುದು ಬಡತನ ಓಡಿಸಲು ಹೊರಟ ನಗುಮುಖದ ವ್ಯಾಪಾರಿ ಕೊಟ್ಟ ಚುಕ್ಕಿಯಿಂದ. ಬರೆದವರು ಅದನ್ನು ದೃಶ್ಯ ಮಾಡಿ ತೋರಿಸಿಲ್ಲ. ನಾವೇ ಆಡಿ ಮಾಡಿದ್ದು. ನನಗೆ ಅದು ಯಾವ ಸಂಭಾಷಣೆಗಿಂತಲೂ ಹೆಚ್ಚು.

ಕುಂಬಳೆ ಪ್ಯಾಸೆಂಜರ್

ಚೆನ್ನಾಗಿ ಹೇಳಿದಿರಿ. ಆದರೆ ಇದು ಮೊದಲನೆಯ ಆಟಕ್ಕೂ ಅನ್ವಯ ಆಗುತ್ತದಲ್ಲ? ದಾನ ಮಾಡುವ ವ್ಯಾಪಾರಿ, ಕುಣಿಯುವವಳು ಅಲ್ಲೂ ಇದ್ದರು. ಆದರೂ ಅಲ್ಲಿ ನನಗೆ ಇವರು ಒಂದು ಗುಂಪು ಅನ್ನಿಸಲಿಲ್ಲ.

ಚಂದ್ರಗಿರಿ ತೀರ

ವ್ಯತ್ಯಾಸ ಗುಪ್ತ ಶಕ್ತಿಯಲ್ಲಿದೆ. ಮೊದಲನೆಯದರಲ್ಲಿ ಎರಡನೇ ಕಸುಬು ಕೊಟ್ಟ ಮೇಲೆ ಯಾರು ಬೇಕಾದರೂ ಯಾರ ಕೆಲಸ ಬೇಕಾದರೂ ಮಾಡುತ್ತಿದ್ದರು. ಕೊನೆಗೆ ಜನ ಹೋಗಿ ಕೌಶಲ ಮಾತ್ರ ಉಳಿಯುತ್ತಿತ್ತು. ಇಲ್ಲಿ ಕಸುಬನ್ನು ಯಾರಿಗೆ ಬೇಕಾದರೂ ಕೊಡಿ, ಗುಪ್ತ ಶಕ್ತಿ ಮಾತ್ರ ಅವರವರದ್ದೇ. ಹಿಕಾರಿಯೊಳಗಿನ ಕತ್ತಲಿನ ಶಕ್ತಿ ಇನ್ನೊಬ್ಬರಿಗೆ ಬರುವುದಿಲ್ಲ. ಹಾಗಾಗಿ ಗುಂಪಿನಲ್ಲಿ ಒಬ್ಬರನ್ನು ಬಿಟ್ಟರೆ ಅವರು ಇಲ್ಲದ್ದು ಗೊತ್ತಾಗುತ್ತದೆ. ಕೊನೆಯ ಕಥೆಯಲ್ಲಂತೂ ಎಂಟೂ ಜನ ಬೇಕು. ಮೂಲೆಯಲ್ಲಿ ಕೂರಿಸಿ ಮರೆತವರನ್ನು ಹುಡುಕಿಕೊಂಡು ಬರಬೇಕು.

ಕುಂಬಳೆ ಪ್ಯಾಸೆಂಜರ್

ಒಪ್ಪಿದೆ, ಮುಕ್ಕಾಲು ಪಾಲು. ಉಳಿದ ಕಾಲು ಪಾಲಿಗೆ ಕಾಸ್ಟಿ ಆ ಗಾಯಾಳುವಿನ ಹತ್ತಿರ ಬರಲೇಬೇಕಿತ್ತು.

ಅಕ್ಕಲಕೋಟೆ ಮಾಮಾ

ನನ್ನದು ಇನ್ನೊಂದು ಪ್ರಶ್ನೆ ಅದ. ನಾಕು ಹೆಜ್ಜೆ ಇಟ್ಟರ ಒಂದು ಯುದ್ಧ, ಈ ಕಾಲದಾಗೂ? ಇದನ್ನ ಯಾರು ಸಹಿಸುತ್ತಾರ?

ತಾಳವಾಡಿಯವ

ಪಂಡಿತನ ಕಸುಬಿನಲ್ಲಿ ಯುದ್ಧ ಕಡಿಮೆ ಮಾಡುವ ಕೌಶಲ ಇದೆ, ಕಲಿತು ಹಾಕಿಕೊಳ್ಳಿ. ಯುದ್ಧವನ್ನು ಎರಡು ಪಟ್ಟು ವೇಗದಲ್ಲಿ ಓಡಿಸುವ ಬಟನ್ ಸಹ ಈ ಸಲ ಕೊಟ್ಟಿದ್ದಾರೆ. ಅದಿಲ್ಲದೆ ಮೊದಲನೆಯ ಆಟಕ್ಕೆ ವಾಪಸ್ ಹೋಗೋಕೆ ಈಗ ನನ್ನಿಂದ ಆಗಲ್ಲ.

ಉಪ್ಪಳದ ಹೊಸಬ

ಎಲ್ಲರಿಗೂ ನಮಸ್ಕಾರ. ಇದನ್ನು ಓದಿಯೇ ಆಸೆ ಆಯಿತು. ನನ್ನ ಹತ್ತಿರ ನಿಂಟೆಂಡೊ ಸ್ವಿಚ್ ಇದೆ. ಪೂರ್ತಿ ಬೆಲೆ ಕೊಟ್ಟು ತೆಗೆದುಕೊಳ್ಳಬಹುದಾ? ಇನ್ನೊಂದು, ನಾನು ಕನ್ನಡ ಮಾಧ್ಯಮದಲ್ಲಿ ಓದಿದವ. ಇಂಗ್ಲಿಷ್ ತುಂಬಾ ಕಷ್ಟ ಇರುತ್ತದಾ? ಮೊದಲನೆಯದನ್ನು ಆಡಿರಲೇಬೇಕಾ?

ಬದಿಯಡ್ಕದ ಭಾಗವತ

ಮೊದಲನೆಯದು ಬೇಡ. ಲೋಕ ಬೇರೆ, ಜನ ಬೇರೆ.

ಬೆಲೆಗೆ ಅವಸರ ಮಾಡಬೇಡಿ. ಸ್ವಿಚ್‌ನ ಅಂಗಡಿಯಲ್ಲಿ ಮೂರು ಗಂಟೆಯ ಡೆಮೊ ಪುಕ್ಕಟೆ ಉಂಟು. ಅದರಲ್ಲಿ ಆಡಿದ್ದು ಪೂರ್ತಿ ಆಟಕ್ಕೆ ಮುಂದುವರಿಯುತ್ತದೆ, ನಷ್ಟ ಇಲ್ಲ. ಹಿಡಿಸಿದರೆ ಸೇಲ್ ಬರುವ ತನಕ ಕಾಯಿರಿ.

ಇಂಗ್ಲಿಷ್ ಬಗ್ಗೆ: ಮಾತು ಜಾಸ್ತಿ, ಆದರೆ ನಮ್ಮ ವೇಗಕ್ಕೆ ನಿಲ್ಲುತ್ತದೆ. ನೀವು ಬಟನ್ ಒತ್ತುವ ತನಕ ಮುಂದಿನ ಸಾಲು ಬರುವುದಿಲ್ಲ, ಯುದ್ಧದಲ್ಲೂ ನೀವು ಯೋಚಿಸಿ ಮುಗಿಸುವ ತನಕ ವೈರಿ ಕಾಯುತ್ತಾನೆ. ನಾನೂ ಕನ್ನಡ ಮಾಧ್ಯಮದವನೇ. ಒಶೆಟ್, ಆಗ್ನಿಯಾ ಮಾತು ಸರಳ. ಟೆಮೆನೋಸ್ ಸ್ವಲ್ಪ ಸುತ್ತಿ ಬಳಸಿ ಮಾತಾಡುವವ, ಅವನನ್ನು ಆಮೇಲೆ ಇಟ್ಟುಕೊಳ್ಳಿ.

ಉಪ್ಪಳದ ಹೊಸಬ

ಡೆಮೊ ಹಾಕಿದೆ. ಚಿತ್ರ ನೋಡಿ ಓಸ್ವಾಲ್ಡ್‌ನನ್ನು ಆರಿಸಿಬಿಟ್ಟೆ. ಈಗ ಜೈಲಿನಲ್ಲಿದ್ದೇನೆ, ಸುತ್ತ ಹಿಮ. ಬದಲಾಯಿಸಬೇಕಾ?

ತಾಳವಾಡಿಯವ

ಮೊದಲು ಆರಿಸಿದವರನ್ನು ಅವರ ಕಥೆ ಪೂರ್ತಿ ಮುಗಿಯುವ ತನಕ ಗುಂಪಿನಿಂದ ತೆಗೆಯೋಕಾಗಲ್ಲ. ಹಾಗಾಗಿ ಇಡೀ ಆಟ ಜೊತೆಗಿರುವವರನ್ನು ಆರಿಸಬೇಕು. ಓಸ್ವಾಲ್ಡ್ ಅದಕ್ಕೆ ಸರಿಯಾದವನೇ, ಕೊನೆಯವರೆಗೂ ಅವನ ಮಂತ್ರ ಬೇಕಾಗುತ್ತೆ. ಶುರುವಿನಲ್ಲಿ ಒಬ್ಬನೇ ಒದ್ದಾಡಬೇಕು, ಅಷ್ಟೇ. ಹೊರಗೆ ಬಂದ ಕೂಡಲೇ ಮೊದಲು ಸಿಕ್ಕಿದವರನ್ನು ಸೇರಿಸಿಕೊಳ್ಳಿ.

ಪೆರ್ಲದ ಅಕ್ಕ

ಮತ್ತೆ ರಾತ್ರಿ ದಾರಿಹೋಕರಿಗೆ ಹೊಡೆಯುವ ಮೊದಲು ಒಂದು ಸಲ ಸೇವ್ ಮಾಡಿಕೊಳ್ಳಿ. ಕೆಲವು ಮುದುಕರು ನೋಡಲು ಪಾಪ, ಹೊಡೆತ ಭಾರಿ ಜೋರು.

ಉಪ್ಪಳದ ಹೊಸಬ

ಸರಿ ಅಕ್ಕ. ಜೈಲಿನಿಂದ ಬಿಡುಗಡೆ ಆದ ಮೇಲೆ ಬಂದು ಹೇಳುತ್ತೇನೆ.